ಅರಮನೆ ಕ್ರಾಸ್ ಸ್ಟಿಚ್ ಯಾಕೆ ಮುಗಿಯೋದೇ ಇಲ್ಲ?

[ಪರದೆ ಮೇಲೆ: ಮ್ಯಾಟಿ ಬಟ್ಟೆಯಲ್ಲಿ ಅರ್ಧ ಮೂಡಿದ ಮೈಸೂರು ಅರಮನೆ]

ನಮಸ್ಕಾರ. ಮಂಡ್ಯದಿಂದ ಒಬ್ಬ ಅಕ್ಕ ಒಂದು ಪ್ರಶ್ನೆ ಕಳಿಸಿದ್ದಾರೆ. ರಾತ್ರಿ ದೀಪ ಹಚ್ಚಿದ ಮೈಸೂರು ಅರಮನೆಯನ್ನ ಕ್ರಾಸ್ ಸ್ಟಿಚ್‌ನಲ್ಲಿ ಹಾಕ್ತಿದ್ದಾರೆ. 25 ಇಂಚು ಅಗಲ, 20 ಇಂಚು ಎತ್ತರ. "ದಿನಾ ಕೂತು ಹಾಕ್ತೀನಿ. ಆದ್ರೂ ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ಕಾಣಲ್ಲ. ದಸರಾಗೆ ಗೊಂಬೆ ಕೂರಿಸೋ ಹೊತ್ತಿಗೆ ಮುಗಿಯುತ್ತಾ?" ಅಂತ ಕೇಳಿದ್ದಾರೆ. ಈ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಟ್ಟಿತು. ಬನ್ನಿ, ಲೆಕ್ಕ ಹಾಕೋಣ.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಮ್ಯಾಟಿ ಬಟ್ಟೆಯಲ್ಲಿ ಚೌಕ ಚೌಕ ಮನೆಗಳಿರುತ್ತವೆ. ಪ್ಯಾಟರ್ನ್ ನೋಡಿ, ಎಣಿಸಿ, ಒಂದೊಂದು ಮನೆಗೆ ಒಂದೊಂದು ಎಕ್ಸ್. ಧಾರವಾಡದ ಕಸೂತಿಯಲ್ಲಿ ಮೆಂತೆ ಹೊಲಿಗೆ ಅಂತಾರಲ್ಲ, ಅದೂ ಇದೇ ಎಕ್ಸ್. ಲಚ್ಚಿಯ ದಾರದಲ್ಲಿ 6 ಎಳೆ ಇರುತ್ತೆ, ಸಾಮಾನ್ಯವಾಗಿ 2 ಎಳೆ ಬಿಡಿಸಿಕೊಂಡು ಹಾಕ್ತಾರೆ. ಅಷ್ಟೇ.

ಈಗ ಲೆಕ್ಕ. 14 ಕೌಂಟ್ ಬಟ್ಟೆ ಅಂದ್ರೆ ಒಂದು ಇಂಚಿಗೆ 14 ಮನೆ. ಅಂದ್ರೆ ಒಂದು ಚದರ ಇಂಚಿಗೆ 196 ಎಕ್ಸ್. ಅಕ್ಕನ ಬಟ್ಟೆ 500 ಚದರ ಇಂಚು. ಒಟ್ಟು 98,000 ಎಕ್ಸ್!

[ಪರದೆ ಮೇಲೆ: ದೀಪ ಹತ್ತುವ ಅರಮನೆ]

ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಅರಮನೆಗೆ ಹಾಕಿರೋ ಬಲ್ಬುಗಳೂ ಸುಮಾರು 1 ಲಕ್ಷ. ಭಾನುವಾರ ಸಂಜೆ ಜನ ಕತ್ತು ಎತ್ತಿಕೊಂಡು ಕಾಯ್ತಾ ನಿಂತಿರ್ತಾರೆ, ದೀಪ ಹತ್ತಿದ ಕೂಡಲೇ "ಹೋ" ಅಂತಾರೆ. ಅಕ್ಕ ಅಷ್ಟೇ ದೀಪಗಳನ್ನ ಒಂದೊಂದಾಗಿ, ಸೂಜಿಯಲ್ಲಿ ಹಚ್ತಿದ್ದಾರೆ! ದಿನಕ್ಕೆ 100 ಎಕ್ಸ್ ಅಂತ ಇಟ್ಟುಕೊಳ್ಳಿ. 980 ದಿನ ಬೇಕು. ಈ ದಸರಾ ಅಲ್ಲ ಅಕ್ಕ, ಮೂರನೇ ದಸರಾ. ಇನ್ನು 100 ಎಕ್ಸ್ ಅಂದ್ರೆ ಬಟ್ಟೆ ಮೇಲೆ ಉದ್ದಕ್ಕೂ ಅಗಲಕ್ಕೂ ಮುಕ್ಕಾಲು ಇಂಚು ಕೂಡ ಆಗಲ್ಲ. ವ್ಯತ್ಯಾಸ ಹೇಗೆ ಕಾಣಬೇಕು ಹೇಳಿ?

ಆದ್ರೆ ಆ ಬಲ್ಬುಗಳನ್ನ ಸರಿಯಾಗಿ ನೋಡಿ. ಗೋಡೆಯನ್ನ ತುಂಬಿಲ್ಲ. ಗೋಪುರದ ಅಂಚು, ಕಮಾನಿನ ಬಾಗು, ಮಹಡಿಯ ಗೆರೆ, ಇಷ್ಟರ ಮೇಲೆ ಮಾತ್ರ ಸಾಲಾಗಿ ಕೂತಿವೆ. ಉಳಿದದ್ದು ಕತ್ತಲೆ. ಅಕ್ಕ ಕಳಿಸಿದ ಪ್ಯಾಟರ್ನ್‌ನಲ್ಲಿ ಆ ಕತ್ತಲೆಯನ್ನೂ ಕಪ್ಪು ದಾರದಲ್ಲಿ ತುಂಬಬೇಕು. ಆಕಾಶ ಪೂರ್ತಿ! ಇದೇ ಚಿತ್ರವನ್ನ ಕಪ್ಪು ಬಟ್ಟೆ ಮೇಲೆ ಶುರು ಮಾಡಿದ್ರೆ ಆಕಾಶ ತಾನೇ ಸಿದ್ಧವಾಗಿರುತ್ತೆ, ನೀವು ದೀಪ ಮಾತ್ರ ಹಾಕಿದ್ರೆ ಸಾಕು. ಕಪ್ಪು ಬಟ್ಟೆಯಲ್ಲಿ ಸೂಜಿ ಹೋಗೋ ತೂತು ಕಾಣಲ್ಲ ಅಂತ ಹೆದರಬೇಡಿ. ತೊಡೆ ಮೇಲೆ ಒಂದು ಬಿಳಿ ಟವೆಲ್ ಹಾಸಿಕೊಳ್ಳಿ. ತೂತುಗಳಿಂದ ಬಿಳಿ ಇಣುಕುತ್ತೆ.

ಎರಡನೇ ಕಾರಣ ಒಂಟಿ ಎಕ್ಸ್‌ಗಳು. ಫೋಟೋದಿಂದ ಕಂಪ್ಯೂಟರ್ ಮಾಡಿಕೊಟ್ಟ ಪ್ಯಾಟರ್ನ್‌ಗಳಲ್ಲಿ ಇವು ಜಾಸ್ತಿ. ಇಲ್ಲೊಂದು ಹಳದಿ, ಪಕ್ಕದಲ್ಲಿ ಕೇಸರಿ, ಅದರ ಪಕ್ಕ ಕಂದು. ಒಂದು ಎಕ್ಸ್ ಹಾಕೋಕೆ ದಾರ ಪೋಣಿಸಬೇಕು, ಹಿಂದೆ ಸಿಕ್ಕಿಸಬೇಕು, ಕತ್ತರಿಸಬೇಕು. ಒಂದೇ ಬಣ್ಣದ 100 ಎಕ್ಸ್ ಸರಸರ ಆಗುತ್ತೆ. ಹೀಗೆ ಬಣ್ಣ ಬದಲಾಗೋ ಕಮಾನಿನ 100 ಎಕ್ಸ್‌ಗೆ ಸಂಜೆ ಪೂರಾ ಹೋಗುತ್ತೆ. ಕೆಲಸ ನಿಂತಿಲ್ಲ, ಕಷ್ಟದ ಜಾಗದಲ್ಲಿದ್ದೀರಿ. ಇದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ಎಷ್ಟೋ ಚೆಂದದ ಕೆಲಸಗಳು ಇಲ್ಲೇ ಬೀರು ಸೇರಿಬಿಡುತ್ತವೆ.

ಹಾಗಾಗಿ ಇಡೀ ಚಿತ್ರ ನೋಡಿ ಎಷ್ಟಾಯ್ತು ಅಂತ ಅಳೆಯಬೇಡಿ. ಬಟ್ಟೆ ಮೇಲೆ ಹತ್ತತ್ತು ಮನೆಗೆ ಗೆರೆ ಹಾಕಿ. ನೀರಿಗೆ ಹೋಗೋ ಪೆನ್ನಲ್ಲಿ ಹಾಕಬಹುದು. ನನಗೆ ಇಷ್ಟ ಆಗೋದು ಮೀನಿನ ಗಾಳದ ನೈಲಾನ್ ದಾರ. ಸೂಜಿ ಅದನ್ನ ಚುಚ್ಚಲ್ಲ, ಕೊನೆಗೆ ಎಳೆದ್ರೆ ಸರ್ ಅಂತ ಬಂದುಬಿಡುತ್ತೆ. ಒಂದು ಚೌಕ ತುಂಬಿದ್ರೆ ಪ್ಯಾಟರ್ನ್ ಹಾಳೆಯಲ್ಲಿ ಬಣ್ಣ ಬಳೀರಿ. ಮುಂದೆ ಹೋಗ್ತಿರೋದು ಆಗ ಕಣ್ಣಿಗೆ ಕಾಣುತ್ತೆ.

ಸಮಯ ಆಗ್ತಿದೆ, ಉಳಿದದ್ದು ಒಟ್ಟಿಗೆ ಹೇಳ್ತೀನಿ. ಮೇಲೆ ಬರೋ ಓರೆ ಹೊಲಿಗೆ ಎಲ್ಲಾ ಎಕ್ಸ್‌ನಲ್ಲೂ ಒಂದೇ ಕಡೆ ವಾಲಿರಲಿ, ಇಲ್ಲದಿದ್ರೆ ಹೊಳಪು ಬೇರೆ ಬೇರೆ ಕಾಣುತ್ತೆ. ಒಂದು ಬಣ್ಣ ಮುಂದೆ ಮತ್ತೆ ಬರೋದಾದ್ರೆ ದಾರ ಕತ್ತರಿಸಬೇಡಿ, ಆ ಜಾಗದಲ್ಲಿ ಮೇಲೆ ತಂದು ನೇತಾಡೋಕೆ ಬಿಡಿ. ಪೆನ್ನಿನ ಗೆರೆ ಇದ್ರೆ ತೊಳೆಯೋ ಮುಂಚೆ ಇಸ್ತ್ರಿ ಬೇಡವೇ ಬೇಡ, ಗೆರೆ ಹಾಗೇ ಉಳಿದುಬಿಡಬಹುದು. ಕಮಾನನ್ನ ಹಗಲು ಬೆಳಕಲ್ಲಿ ಹಾಕಿ. ಆಕಾಶಕ್ಕೆ ಎಣಿಕೆ ಕಡಿಮೆ, ಸಂಜೆ ಮಾತಾಡ್ತಾ ಹಾಕಬಹುದು.

ಇನ್ನು ಈ ದಸರಾ ವಿಷಯ. ಅಕ್ಕ, ದೊಡ್ಡದು ಅದರ ಪಾಡಿಗೆ ನಡೀಲಿ. ಕಪ್ಪು ಬಟ್ಟೆಯಲ್ಲಿ 5 ಇಂಚಿಗೆ 4 ಇಂಚು, ನಡುವಿನ ಗೋಪುರ ಒಂದೇ ಹಾಕಿ. ಎಲ್ಲ ಮನೆ ತುಂಬಿದ್ರೂ 3,920 ಎಕ್ಸ್. ದೀಪ ಮಾತ್ರ ಹಾಕಿದ್ರೆ ಅದಕ್ಕಿಂತ ಎಷ್ಟೋ ಕಡಿಮೆ. ಫ್ರೇಮ್ ಹಾಕಿಸಿ ಪಟ್ಟದ ಗೊಂಬೆಗಳ ಹಿಂದೆ ಇಡಿ. ಮುಗಿದ ಮೇಲೆ ನನಗೊಂದು ಫೋಟೋ ಕಳಿಸಿ, ಖಂಡಿತ ತೋರಿಸ್ತೀನಿ.