ಫೋನು ಯಾರದೋ ಬೆರಳೂ ಅವರದೇ ಇರಲಿ

ಎಲ್ಲರಿಗೂ ನಮಸ್ಕಾರ.

ಸಭೆಯಲ್ಲಿ ಹಿರಿಯರು ಇದ್ದೀರಿ. ಅವರನ್ನು ಕರೆದುಕೊಂಡು ಬಂದ ಮಕ್ಕಳು, ಮೊಮ್ಮಕ್ಕಳೂ ಇದ್ದೀರಿ. ಮೊದಲು ಮಕ್ಕಳಿಗೇ ಒಂದು ಮಾತು ಹೇಳಿಬಿಡುತ್ತೇನೆ. ಮನೆಯಲ್ಲಿ ಅಪ್ಪನೋ ಅಜ್ಜಿಯೋ ಫೋನು ಹಿಡಿದು "ಇದೇನೋ ಬಂದೈತಿ ನೋಡಪ್ಪ" ಅಂದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? "ಕೊಡಿ ಇಲ್ಲಿ, ನಾನು ಮಾಡ್ತೀನಿ." ಟಕಟಕ ಅಂತ ಒತ್ತಿ ಫೋನು ವಾಪಸ್ ಕೊಡುತ್ತೀರಿ. ಕೆಲಸ ಆಯಿತು, ನಿಜ. ಆದರೆ ಎಲ್ಲಿ ಒತ್ತಿದಿರಿ, ಏನು ಒತ್ತಿದಿರಿ, ಅವರಿಗೆ ಕಾಣಲೇ ಇಲ್ಲ. ಮುಂದಿನ ವಾರ ಅದೇ ತೊಂದರೆ ಬಂದಾಗ ನೀವು ಬೆಂಗಳೂರಿನಲ್ಲಿ, ಅವರು ಇಲ್ಲಿ ವಿದ್ಯಾನಗರದಲ್ಲಿ. ಅದೇ ಹೊತ್ತಿಗೆ ಯಾರೋ ಫೋನ್ ಮಾಡಿ "ಅಮ್ಮಾ, ಗಾಬರಿ ಆಗಬೇಡಿ, ನಾನು ಹೇಳಿದ ಕಡೆ ಒತ್ತುತ್ತಾ ಹೋಗಿ" ಅಂತಾನೆ. ಅವನು ರೇಗುವುದಿಲ್ಲ. ಎಷ್ಟು ಸಲ ಕೇಳಿದರೂ ಹೇಳಿಕೊಡುತ್ತಾನೆ. ಮೋಸಗಾರನಿಗೆ ಇರುವ ತಾಳ್ಮೆ ಮನೆಯವರಿಗೆ ಇಲ್ಲದಿದ್ದರೆ ಹಿರಿಯರು ಯಾರ ಮಾತು ಕೇಳಬೇಕು ಹೇಳಿ.

ಈ ಮಾತನ್ನು ನಾನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ. ಫೋನು ಯಾರದೋ ಬೆರಳೂ ಅವರದೇ ಇರಲಿ. ಕಲಿಸುವವರು ಪಕ್ಕದಲ್ಲಿ ಕೂರಲಿ, ಬಾಯಲ್ಲಿ ಹೇಳಲಿ. ಕೈ ಹಾಕುವುದು ಬೇಡ.

ಇನ್ನು ಹಿರಿಯರ ಕಡೆ ಬರುತ್ತೇನೆ. ಹೊಸ ಫೋನು ಬಂದ ಕೂಡಲೇ ಎಲ್ಲರೂ ಆ್ಯಪ್ ಹಾಕಿಕೊಳ್ಳುವುದನ್ನು ಕಲಿಸುತ್ತಾರೆ. ನಾನು ಹೇಳುವುದು, ಮೊದಲು ತೆಗೆಯುವುದನ್ನು ಕಲಿಯಿರಿ. ತೆಗೆಯಲು ಬಂದರೆ ಹಾಕಿಕೊಳ್ಳಲು ಹೆದರಿಕೆ ಇರುವುದಿಲ್ಲ. ಇದು ನನಗೆ ಗಟ್ಟಿಯಾದದ್ದು ಮಂಡಕ್ಕಿ ಭಟ್ಟಿ ಕಡೆಯ ಒಬ್ಬ ಅಜ್ಜಿಯಿಂದ.

ಸಂಜೆ ಹೊತ್ತು ಗಾಡಿ ಹಾಕಿ ಮಿರ್ಚಿ, ಮಂಡಕ್ಕಿ ಮಾರುತ್ತಾರೆ. (ಮಿರ್ಚಿ ಹೊಟ್ಟೆ ಸೀಳಿ ಅವರು ಹಾಕುವ ಮಸಾಲೆ ಬಗ್ಗೆಯೇ ಒಂದು ಉಪನ್ಯಾಸ ಕೊಡಬಹುದು, ಸಂಘಟಕರು ಒಪ್ಪಬೇಕಷ್ಟೆ.) ಮಗ ಅವರಿಗೆ ಫೋನು ಕೊಡಿಸಿದ್ದ. ಮಗಳಿಗೆ ಹೆರಿಗೆ ಆಯಿತು, ಕೂಸಿನ ಫೋಟೋ ಕಳಿಸಿದರು, ಇವರ ಫೋನಿನಲ್ಲಿ ತೆರೆಯಲಿಲ್ಲ. "ಮೇಷ್ಟ್ರೇ, ಫೋನಿನ ಹೊಟ್ಟಿ ತುಂಬೇತಂತ್ರೀ, ಜಾಗ ಇಲ್ಲ ಅಂತೈತಿ" ಅಂತ ತಂದರು.

ನೋಡಿದೆ. ಫೋನು ಸ್ವಚ್ಛ ಮಾಡುತ್ತೇವೆ ಅನ್ನುವ ಆ್ಯಪ್‌ಗಳೇ ಸಾಲಾಗಿ ಕೂತಿದ್ದವು. ಅವು ಬಂದ ದಾರಿ ಹೀಗೆ. ಏನೋ ವಿಡಿಯೋ ನೋಡುವಾಗ "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ಕೆಂಪು ಅಕ್ಷರದ ಜಾಹೀರಾತು ಬರುತ್ತದೆ. ಹೆದರಿ ಒತ್ತಿದರೆ ಒಂದು ಆ್ಯಪ್ ಬಂದು ಕೂರುತ್ತದೆ. ಅದು ಇನ್ನಷ್ಟು ಜಾಹೀರಾತು ತೋರಿಸುತ್ತದೆ. ಅದನ್ನು ಒತ್ತಿದರೆ ಇನ್ನೊಂದು. ಅವರ ಮೊಮ್ಮಗ ಅವನ್ನೆಲ್ಲ ಆಗಲೇ "ತೆಗೆದಿದ್ದೀನಿ" ಅಂದಿದ್ದನಂತೆ. ಅವನು ತೆಗೆದದ್ದು ಮುಂದಿನ ಪರದೆಯ ಮೇಲಿದ್ದ ಚಿತ್ರವನ್ನು ಮಾತ್ರ. ಆ್ಯಪ್ ಒಳಗೇ ಇತ್ತು. ಇದನ್ನು ದಯವಿಟ್ಟು ನೆನಪಿಡಿ. ಪರದೆಯಿಂದ ತೆಗೆಯುವುದು ಬೇರೆ, ಅನ್‌ಇನ್‌ಸ್ಟಾಲ್ ಮಾಡುವುದು ಬೇರೆ. ಅನ್‌ಇನ್‌ಸ್ಟಾಲ್ ಅಂತ ಬರೆದದ್ದನ್ನು ಒತ್ತಿದರೆ ಮಾತ್ರ ಅದು ಫೋನು ಬಿಟ್ಟು ಹೋಗುತ್ತದೆ, ಜಾಗವೂ ಖಾಲಿ ಆಗುತ್ತದೆ.

ಫೋನನ್ನು ಅಜ್ಜಿಯ ಕೈಯಲ್ಲೇ ಬಿಟ್ಟು "ಆ ಚಿತ್ರದ ಮೇಲೆ ಬೆರಳಿಟ್ಟು ಹಿಡೀರಿ" ಅಂದೆ. ಅವರು ಜೋರಾಗಿ ಅದುಮಿದರು. ಉಗುರು ಬೆಳ್ಳಗಾಗುವಷ್ಟು. ಆ್ಯಪ್ ತೆರೆದುಕೊಂಡಿತು. ಮತ್ತೆ ಅದುಮಿದರು, ಬೆರಳು ಜಾರಿ ಚಿತ್ರವೇ ಪಕ್ಕಕ್ಕೆ ಸರಿಯಿತು. ಇನ್ನೊಂದು ಸಲ ಏನೂ ಆಗಲೇ ಇಲ್ಲ. ವರ್ಷಾನುಗಟ್ಟಲೆ ಬಿಸಿ ಬಾಣಲೆ ಮುಂದೆ ದುಡಿದ ಬೆರಳು, ತುದಿ ಒಣಗಿ ಗಟ್ಟಿಯಾಗಿದೆ. ಈಗಿನ ಪರದೆಗೆ ಭಾರ ತಿಳಿಯುವುದಿಲ್ಲ. ಚರ್ಮ ತಾಕಿದಾಗ ಆಗುವ ಸಣ್ಣ ವಿದ್ಯುತ್ ವ್ಯತ್ಯಾಸ ತಿಳಿಯುತ್ತದೆ. ಒಣ ಬೆರಳಾದರೆ ಅದು ಸರಿಯಾಗಿ ಸಿಗುವುದಿಲ್ಲ. ಎಷ್ಟೋ ಜನ ಹಿರಿಯರು "ನನ್ನ ಕೈಗೆ ಇದು ಬಗ್ಗಲ್ಲ" ಅಂತ ಕೈಬಿಡುವುದು ಇಲ್ಲೇ. ಬುದ್ಧಿಯ ಕೊರತೆ ಅಂದುಕೊಳ್ಳುತ್ತಾರೆ. ಒಣ ಚರ್ಮ ಅಷ್ಟೇ! ಬೆರಳನ್ನು ಸ್ವಲ್ಪ ತೇವದ ಬಟ್ಟೆಗೆ ಒರೆಸಿಕೊಂಡು, ಅದುಮದೆ, ಸುಮ್ನೆ ಇಟ್ಟು, ಮನಸ್ಸಿನಲ್ಲಿ ಒಂದು, ಎರಡು ಎಣಿಸಿ ಅಂದೆ. ಚಿಕ್ಕ ಚೌಕ ತೆರೆಯಿತು.

ಕೆಲವು ಫೋನಿನಲ್ಲಿ ಅಲ್ಲೇ ಅನ್‌ಇನ್‌ಸ್ಟಾಲ್ ಅಂತ ಇರುತ್ತದೆ. ಕೆಲವದರಲ್ಲಿ ಆ್ಯಪ್ ಮಾಹಿತಿ ಅಂತ ಇರುತ್ತದೆ, ಅದರೊಳಗೆ ಹೋಗಬೇಕು. ಅಜ್ಜಿ ಒತ್ತುವ ಮೊದಲು ನನ್ನ ಮುಖ ನೋಡಿ "ಬ್ಯಾಂಕಿನ ರೊಕ್ಕ ಹೋಗಲ್ಲ ಹೌದಿಲ್ರೀ?" ಅಂದರು. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ರೊಕ್ಕ ಇರುವುದು ಬ್ಯಾಂಕಿನಲ್ಲಿ. ಯುಪಿಐ ಆ್ಯಪ್ ತೆಗೆದರೂ ಖಾತೆಯ ರೊಕ್ಕಕ್ಕೆ ಏನೂ ಆಗುವುದಿಲ್ಲ. ಒತ್ತಿದರು. "ಹೋತಾ?" "ಹೋತು." ಆಮೇಲೆ ನಾನು ಏನೂ ಹೇಳಲಿಲ್ಲ, ಉಳಿದವನ್ನೆಲ್ಲ ಅವರೇ ತೆಗೆದರು. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂತ ಇದೆ. ಅಲ್ಲಿ ಫೋಟೋ, ವಿಡಿಯೋ ತಾನೇ ಇಳಿಯುವುದನ್ನು ನಿಲ್ಲಿಸಿದರು. ಶುಭೋದಯದ ಹೂವುಗಳನ್ನೆಲ್ಲ ಅಳಿಸಿದರು. ಕೂಸಿನ ಫೋಟೋ ತೆರೆಯಿತು. ಅವತ್ತಿಂದ ಅವರ ಗಾಡಿ ಪಕ್ಕ ನಿಲ್ಲುವ ಹಣ್ಣಿನವರಿಗೂ, ಹೂವಿನವರಿಗೂ ಅವರೇ ಮೇಡಂ. ಮೊಮ್ಮಗ ಕಿತ್ತುಕೊಂಡು ಮಾಡಿದ್ದರೆ ಇದು ಆಗುತ್ತಿತ್ತಾ? ಅದಕ್ಕೇ ಬೆರಳು ಅವರದೇ ಇರಲಿ ಅನ್ನುವುದು.

ಈಗ ಅನುಮತಿಯ ವಿಷಯ. ಹೊಸ ಆ್ಯಪ್ ತೆರೆದ ಕೂಡಲೇ "ಅನುಮತಿಸಿ" ಅಂತ ಕೇಳುತ್ತದೆ. ನಾವು ಓದದೆ ಹೂಂ, ಹೂಂ ಅಂತ ಒತ್ತುತ್ತೇವೆ. ಹಾಲು ಹಾಕಲು ಬಂದವನು ಬೀರುವಿನ ಕೀಲಿ ಕೇಳಿದರೆ ಕೊಡುತ್ತೇವಾ? ಟಾರ್ಚ್ ಆ್ಯಪ್‌ಗೆ ನಿಮ್ಮ ನೆಂಟರ ನಂಬರ್ ಯಾಕೆ ಬೇಕು? ಫೋನನ್ನು ನಡೆಸುವ ತಂತ್ರಾಂಶ ಆಂಡ್ರಾಯ್ಡ್, ಅದರ 2015ರ ಆವೃತ್ತಿ 6ರಿಂದಲೇ ಒಂದೊಂದು ಅನುಮತಿಯನ್ನೂ ಬೇರೆ ಬೇರೆಯಾಗಿ ಬೇಡ ಅನ್ನುವ ಅವಕಾಶ ಬಂದಿದೆ. 2020ರ ಆಂಡ್ರಾಯ್ಡ್ 11ರಿಂದ ಕ್ಯಾಮೆರಾ, ಮೈಕು, ನೀವಿರುವ ಜಾಗ, ಇವಕ್ಕೆ "ಈ ಬಾರಿ ಮಾತ್ರ" ಅಂತಲೂ ಒತ್ತಬಹುದು. ಬೇಡ ಅಂದರೆ ಫೋನು ಕೆಡುವುದಿಲ್ಲ. ನಿಜವಾಗಿ ಬೇಕಾದರೆ ಆ್ಯಪ್ ಮತ್ತೆ ಕೇಳುತ್ತದೆ, ಆಗ ಯೋಚನೆ ಮಾಡಿ.

ಇದು ಸಣ್ಣ ವಿಷಯ ಅಲ್ಲ. ಸಾಲದ ಆ್ಯಪ್‌ಗಳು ಜನರ ಮಾನ ತೆಗೆದದ್ದು ಈ ಅನುಮತಿಯಿಂದಲೇ. ನಂಬರ್‌ಗಳನ್ನೂ ಫೋಟೋಗಳನ್ನೂ ತೆಗೆದುಕೊಂಡು, ಕಂತು ತಡವಾದರೆ ಬೀಗರಿಗೆಲ್ಲ ಫೋನ್ ಮಾಡಿ ಅವಮಾನ ಮಾಡಿದರು. ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ತಂದು, ಸಾಲದ ಆ್ಯಪ್‌ಗಳು ನಿಮ್ಮ ಫೈಲು, ನಂಬರ್ ಪಟ್ಟಿ, ಕರೆಗಳ ವಿವರ ಮುಟ್ಟಬಾರದು ಅಂದಿದೆ. ಅವನ್ನು ಕೇಳುವ ಸಾಲದ ಆ್ಯಪ್ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಇನ್ನೊಂದು ಮದುವೆ ಕಾರ್ಡಿನ ಕಥೆ. ಮದುವೆ ಕಾರ್ಡು ಫೋಟೋ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಕಾರ್ಡಲ್ಲ, ಆ್ಯಪ್. ಗಾಡಿಯ ದಂಡದ ಚಲನ್, ಬ್ಯಾಂಕಿನ ಕೆವೈಸಿ ಅಂತಲೂ ಇದೇ ಬರುತ್ತದೆ. ಒಳಗೆ ಕೂತು ನಿಮ್ಮ ಮೆಸೇಜ್ ಓದಿ ಓಟಿಪಿ ಎತ್ತಿಕೊಳ್ಳುತ್ತದೆ. ಹಾಕುವ ಮೊದಲು ಫೋನೇ "ಗೊತ್ತಿಲ್ಲದ ಮೂಲ" ಅಂತ ಎಚ್ಚರಿಸುತ್ತದೆ. ಅಲ್ಲೇ ನಿಲ್ಲಿ. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ ಮಾತ್ರ. ಅಲ್ಲೂ ಮಾಡಿದವರ ಹೆಸರು ಓದಿ, ಒಂದೇ ಥರದ ಚಿತ್ರ ಹಾಕಿಕೊಂಡ ನಕಲಿಗಳು ಇರುತ್ತವೆ. ಕಳಿಸಿದ್ದು ಸ್ವಂತ ಅಳಿಯನ ನಂಬರೇ ಆದರೂ ಒಂದು ಫೋನ್ ಮಾಡಿ ಕೇಳಿ. ಅವರ ಫೋನು ಬೇರೆಯವರ ಹಿಡಿತಕ್ಕೆ ಹೋಗಿರಬಹುದು.

ಚೀಟಿ ಬಂತು, ಸಮಯ ಆಯಿತಂತೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ತಿಂಗಳು ತಿಂಗಳು ದುಡ್ಡು ಕಟ್ಟುವ ಆ್ಯಪ್ ಇದ್ದರೆ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಇದೆ, ಅಲ್ಲಿ ಹೋಗಿ ರದ್ದು ಮಾಡಬೇಕು. ಪ್ಲೇ ಸ್ಟೋರ್‌ನಲ್ಲೂ ಚಂದಾದಾರಿಕೆ ಅಂತ ಇದೆ, ಅಲ್ಲೂ ನೋಡಿ.

ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತರೂ ಬಂದಿದ್ದೀರಿ. ದುಡ್ಡು ಕಳಿಸಲು ಯುಪಿಐ ಪಿನ್ ಬೇಕು. ನಿಮಗೆ ದುಡ್ಡು ಬರಲು ಪಿನ್ ಬೇಡ, ಸ್ಕ್ಯಾನೂ ಬೇಡ. ಕೇಳಿದರೆ ಮೋಸ.

ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ. ನಾಚಿಕೆಯಿಂದ ಮನೆಯಲ್ಲಿ ಮುಚ್ಚಿಡಬೇಡಿ, ತಡವಾದಷ್ಟೂ ದುಡ್ಡು ಕೈಯಿಂದ ಕೈಗೆ ದಾಟಿಬಿಡುತ್ತದೆ. ಎಪಿಕೆ ಒತ್ತಿಬಿಟ್ಟಿದ್ದರೆ ಆ ಫೋನಿನ ಡಾಟಾ, ವೈಫೈ ನಿಲ್ಲಿಸಿ, ಬೇರೆ ಫೋನಿನಿಂದ ಕರೆ ಮಾಡಿ. ಮಕ್ಕಳೇ, ಅವರು ಬಂದು ಹೇಳಿದಾಗ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಬ್ಯಾಕಪ್, ಪರದೆಯ ಬೀಗ, ಅಪ್‌ಡೇಟ್, ಇವೆಲ್ಲ ಉಳಿದವು. ಇನ್ನೊಂದು ಭಾನುವಾರ ಸೇರೋಣ.

ಚಹಾ ಬರುವುದರೊಳಗೆ ಒಂದು ಕೆಲಸ ಮಾಡೋಣ. ಎಲ್ಲರೂ ಫೋನು ತೆಗೆಯಿರಿ. ಸೆಟ್ಟಿಂಗ್ಸ್ ತೆರೆಯಿರಿ, ಹಲ್ಲಿನ ಚಕ್ರದ ಚಿತ್ರ. ಅದರಲ್ಲಿ ಭಾಷೆ ಅಂತ ಹುಡುಕಿ ಕನ್ನಡ ಆರಿಸಿ. ಫೋನಿನಿಂದ ಫೋನಿಗೆ ಅದು ಇರುವ ಜಾಗ ಬೇರೆ, ಸಿಗದಿದ್ದರೆ ಕೈ ಎತ್ತಿ. ಮಕ್ಕಳು ಬಂದು ಪಕ್ಕದಲ್ಲಿ ಕೂತು ಹೇಳುತ್ತಾರೆ. ಕಿಟಕಿ ಹತ್ತಿರ ಹಸಿರು ಸೀರೆಯ ತಾಯಿ ಆಗಿಂದ ಕೈ ಎತ್ತಿದ್ದಾರೆ, ಮೊದಲು ಅವರ ಹತ್ತಿರ ಯಾರಾದರೂ ಹೋಗಿ.