ಕಮಿಷನರ ಕಚೇರಿ: ಮೈಸೂರನ್ನು 50 ವರ್ಷ ನಡೆಸಿದ ಇಂಗ್ಲಿಷ್ ಅಧಿಕಾರಿಗಳು

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಕಬ್ಬನ್ ಅಂದರೆ ಪಾರ್ಕು, ಬೌರಿಂಗ್ ಅಂದರೆ ಆಸ್ಪತ್ರೆ, ಸ್ಯಾಂಕಿ ಅಂದರೆ ಕೆರೆ. ಹೆಸರುಗಳು ದಿನಾ ಬಾಯಲ್ಲಿ ಓಡಾಡುತ್ತವೆ. ಈ ಜನ ಇಲ್ಲಿ ಕೂತು ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದರೆ ಮಾತ್ರ ಉತ್ತರಕ್ಕೆ ತಡಕಾಡಬೇಕು. ಅವರು ಒಳ್ಳೆಯವರಾ, ಕೆಟ್ಟವರಾ ಅನ್ನುವ ಜಗಳ ಬೇಕಾದಷ್ಟು ಆಗಿದೆ. ನಾನು ಇವತ್ತು ಅವರ ಕಚೇರಿಯೊಳಗೆ ಸ್ವಲ್ಪ ಇಣುಕಿ ನೋಡುತ್ತೇನೆ. ಯಾಕಂದರೆ ನಾವು ಅರ್ಜಿ ಹಿಡಿದುಕೊಂಡು ಇವತ್ತಿಗೂ ಅಲೆಯುವ ವ್ಯವಸ್ಥೆಯ ಬುಡ ಬಹುಪಾಲು ಅಲ್ಲೇ ಇದೆ.

ಹಿಂದಿನ ಕತೆ ಬೇಗ ಮುಗಿಸುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಇಂಗ್ಲಿಷರು ಇನ್ನೂ ಚಿಕ್ಕ ಹುಡುಗನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. 1811ರವರೆಗೆ ರಾಜ್ಯ ನಡೆಸಿದ್ದು ದಿವಾನ್ ಪೂರ್ಣಯ್ಯ. ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ಕಟ್ಟಬೇಕಿತ್ತು. ಪೂರ್ಣಯ್ಯನವರ ನಂತರ ಆಡಳಿತ ಸಡಿಲಾಯಿತು. ತಾಲ್ಲೂಕಿನ ಅಧಿಕಾರಿಗಳಾದ ಅಮಲ್ದಾರರು ಇಷ್ಟು ಹಣ ವಸೂಲಿ ಮಾಡಿ ಕೊಡುತ್ತೇವೆ ಅಂತ ಮೊದಲೇ ಬರೆದುಕೊಟ್ಟು ತಾಲ್ಲೂಕಿಗೆ ಬರತೊಡಗಿದರು. ಆ ಲೆಕ್ಕ ತುಂಬಬೇಕಲ್ಲ, ರೈತನನ್ನು ಹಿಂಡುತ್ತಿದ್ದರು. 1830ರಲ್ಲಿ ನಗರದ ಸೀಮೆಯ, ಅಂದರೆ ಈಗಿನ ಶಿವಮೊಗ್ಗದ ಕಡೆಯ, ರೈತರು ತಿರುಗಿಬಿದ್ದರು. ಮರುವರ್ಷ, 1831ರ ಅಕ್ಟೋಬರ್‌ನಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಮಹಾರಾಜರ ಕೈಯಿಂದ ಕಿತ್ತುಕೊಂಡ. ರಾಜ್ಯ ಒಡೆಯರದ್ದೇ, ಆಡಳಿತ ಮಾತ್ರ ಕಂಪನಿಯದ್ದು, ಅದೂ ತಾತ್ಕಾಲಿಕ ಅಂತ ಹೇಳಿದರು. ಆ ತಾತ್ಕಾಲಿಕ 1881ರವರೆಗೆ ಎಳೆಯಿತು!

ಮೊದಲಿಗೆ ಇಬ್ಬರು ಕಮಿಷನರುಗಳನ್ನು ಹಾಕಿದರು, ಬ್ರಿಗ್ಸ್ ಮತ್ತು ಲಷಿಂಗ್ಟನ್. ಇಬ್ಬರಿಗೂ ಹೊಂದಾಣಿಕೆ ಆಗಲಿಲ್ಲ. 1834ರಲ್ಲಿ ಒಬ್ಬನೇ ಸಾಕು ಅಂತ ತೀರ್ಮಾನವಾಗಿ ಮಾರ್ಕ್ ಕಬ್ಬನ್ ಬಂದ. ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ಪಾದ್ರಿಯೊಬ್ಬನ ಮಗ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇವನ ಸೋದರಮಾವ. ನಗರದ ದಂಗೆ ಯಾಕಾಯಿತು ಅಂತ ವಿಚಾರಣೆ ಮಾಡಿದ ಸಮಿತಿಯಲ್ಲಿ ಇವನೂ ಇದ್ದ. ಹಾಗಾಗಿ ರೋಗ ಏನು ಅಂತ ತಿಳಿದುಕೊಂಡೇ ಕುರ್ಚಿಯಲ್ಲಿ ಕೂತ. 1861ರವರೆಗೆ ಏಳಲಿಲ್ಲ.

ಅವನ ಕಚೇರಿ ಇದ್ದದ್ದು ಬೆಂಗಳೂರು ಕೋಟೆಯೊಳಗೆ, ಟಿಪ್ಪುವಿನ ಅರಮನೆಯಲ್ಲಿ. ಇವತ್ತು ನಾವು ಟಿಕೆಟ್ ತಗೊಂಡು ನೋಡುತ್ತೇವಲ್ಲ, ಅದೇ ಮರದ ಕಂಬಗಳ ಮಧ್ಯೆ ಗುಮಾಸ್ತರು ಕೂತು ಲೆಕ್ಕ ಬರೆಯುತ್ತಿದ್ದರು. ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ವಿಭಾಗ ಮಾಡಿದರು. ಒಂದೊಂದಕ್ಕೆ ಒಬ್ಬ ಯುರೋಪಿಯನ್ ಸೂಪರಿಂಟೆಂಡೆಂಟ್. ಅದರ ಕೆಳಗೆ ಎಲ್ಲ ಹಳೆಯದೇ: ಅಮಲ್ದಾರ, ಶೇಕದಾರ, ಶ್ಯಾನುಭೋಗ, ಪಟೇಲ. ಅಂಚೆಯೂ ಹಳೆಯದೇ. ಹುಜೂರು ಅದಾಲತ್ತು ಅನ್ನುವ ದೊಡ್ಡ ನ್ಯಾಯಾಲಯದಲ್ಲಿ ನ್ಯಾಯ ಹೇಳುತ್ತಿದ್ದವರು ಈ ದೇಶದವರೇ. ಕಂದಾಯ, ಪೊಲೀಸು, ಅಪೀಲು, ಎಲ್ಲ ದಾರಿಯೂ ಕೊನೆಗೆ ಕಮಿಷನರ ಮೇಜಿಗೇ ಬರುತ್ತಿತ್ತು. ನನ್ನ ಲೆಕ್ಕದಲ್ಲಿ ಕಬ್ಬನ್ ಅಂದರೆ ಕೋಟು ಹಾಕಿಕೊಂಡ ದಿವಾನ. ಪೂರ್ಣಯ್ಯನವರ ಕಚೇರಿಯನ್ನೇ ಗುಡಿಸಿ, ಒರೆಸಿ, ನಡೆಸಿದ.

ಗುಡಿಸಿದ್ದು ಎಷ್ಟು ಅನ್ನುವುದಕ್ಕೆ ತೆರಿಗೆಗಳನ್ನೇ ನೋಡಿ. ಅವನ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು ಅಂತ ದಾಖಲೆ ಇದೆ. ಮದುವೆ ಆದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ. ಹೆಸರಿಟ್ಟರೆ ಒಂದು, ತಲೆ ಬೋಳಿಸಿದರೆ ಇನ್ನೊಂದು. ಒಂದು ಊರಿನವರ ಮೇಲೆ ವಿಚಿತ್ರ ತೆರಿಗೆ ಇತ್ತು. ಯಾವ ಕಾಲದಲ್ಲೋ ಪಾಳೇಗಾರನ ಕುದುರೆ ತಪ್ಪಿಸಿಕೊಂಡಿತ್ತಂತೆ, ಇವರ ಅಜ್ಜ ಮುತ್ತಜ್ಜಂದಿರು ಅದನ್ನು ಹುಡುಕಿಕೊಡಲಿಲ್ಲವಂತೆ. ಕುದುರೆಯೂ ಸತ್ತು, ಪಾಳೇಗಾರನೂ ಸತ್ತು, ಊರವರು ಮಾತ್ರ ದುಡ್ಡು ಕಟ್ಟುತ್ತಲೇ ಇದ್ದರು. ನಗರದ ಕಡೆ ಒಂದು ಜಾಗ ದಾಟುವಾಗ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆಯದಿದ್ದರೂ ತೆರಿಗೆ ಬೀಳುತ್ತಿತ್ತು. ಕೇಳಿದರೆ ನಗು ಬರುತ್ತದೆ. ಆದರೆ ಇಂಥ ತೆರಿಗೆಯಿಂದ ಖಜಾನೆಗೆ ಹೋಗುತ್ತಿದ್ದದ್ದು ಎಷ್ಟು, ವಸೂಲಿಗೆ ಬಂದವನ ಜೇಬಿಗೆ ಎಷ್ಟು ಅನ್ನುವುದನ್ನು ಯೋಚಿಸಿ. ತೆರಿಗೆ ಹೋದರೆ ಅದರ ನೆಪದಲ್ಲಿ ಮನೆ ಬಾಗಿಲಿಗೆ ಬರುವವನೂ ಹೋದ. ರೈತನಿಗೆ ಸಿಕ್ಕ ದೊಡ್ಡ ನೆಮ್ಮದಿ ಅದು ಅಂತ ನನಗೆ ಅನ್ನಿಸುತ್ತದೆ.

ರಸ್ತೆಗಳ ವಿಷಯ ಸುಮ್ನೆ ಹೇಳಿ ಮುಂದೆ ಹೋಗುತ್ತೇನೆ. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಜಾಸ್ತಿ ಸೇತುವೆ. ಇದು ಪೂರ್ತಿ ರೈತನ ಮೇಲಿನ ಪ್ರೀತಿಯಿಂದ ಆದದ್ದಲ್ಲ. ದಂಡು ನಡೆಯಬೇಕು, ಕಾಫಿ ಘಟ್ಟ ಇಳಿಯಬೇಕು. ಆದರೂ ಅದೇ ರಸ್ತೆಯಲ್ಲಿ ರಾಗಿ ಗಾಡಿಯೂ ಹೋಯಿತು. ಕಬ್ಬನ್ ಮದುವೆ ಆಗಲಿಲ್ಲ. ಕುದುರೆ ಹುಚ್ಚು ಬೇಕಾದಷ್ಟಿತ್ತು. ಬೇಸಿಗೆ ಬಂದರೆ ನಂದಿ ಬೆಟ್ಟ ಹತ್ತುತ್ತಿದ್ದ. ಅಲ್ಲಿ ಇವತ್ತಿಗೂ ಅವನ ಬಂಗಲೆ ಇದೆ.

ಇವನ ಸ್ವಭಾವ ಕಾಣುವುದು 1860ರಲ್ಲಿ. ಅದಕ್ಕೆ ಮೊದಲೇ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿನ ಮೇಲೆ ಕಣ್ಣು ಹಾಕಿದ್ದ. ಮಹಾರಾಜರಿಗೆ ಗಂಡು ಮಕ್ಕಳಿಲ್ಲ, ಅವರ ಕಾಲ ಮುಗಿದ ಮೇಲೆ ರಾಜ್ಯ ನಮ್ಮದೇ ಅನ್ನುವುದು ಅವನ ಲೆಕ್ಕ. 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಕೈಕೆಳಗೆ ತರುವ ಆದೇಶ ಬಂತು. ಮಹಾರಾಜರು ಬಲವಾಗಿ ವಿರೋಧಿಸಿದರು. ಕಬ್ಬನ್ ರಾಜೀನಾಮೆ ಬರೆದು ಮುಂದಿಟ್ಟ. ಕೊನೆಗೆ ಆದೇಶವನ್ನೇ ವಾಪಸ್ ತಗೊಂಡರು. ನೋಡಿ, ಮಹಾರಾಜರ ಆಡಳಿತ ಕಿತ್ತುಕೊಂಡ ಸರ್ಕಾರದ ಅಧಿಕಾರಿ ಮಹಾರಾಜರ ಪಕ್ಕ ನಿಂತ. ಅದರಲ್ಲಿ ನ್ಯಾಯಬುದ್ಧಿಯೂ ಇತ್ತು, ತನ್ನ ಕಚೇರಿಯ ಮೇಲೆ ಮದ್ರಾಸಿನವರು ಕೂರಬಾರದು ಅನ್ನುವ ಹಟವೂ ಇತ್ತು. ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಮರುವರ್ಷ ಆರೋಗ್ಯ ಕೆಟ್ಟು ಹೊರಟ. ಏಪ್ರಿಲ್‌ನಲ್ಲಿ, ಊರು ತಲುಪುವ ಮೊದಲೇ ಸೂಯೆಜ್‌ನಲ್ಲಿ ತೀರಿಕೊಂಡ.

1862ರಲ್ಲಿ ಲೆವಿನ್ ಬೌರಿಂಗ್ ಬಂದ. ಕಬ್ಬನ್ ಸಿಪಾಯಿ, ಇವನು ಸಿವಿಲ್ ನೌಕರ. ವೈಸರಾಯ್ ಕ್ಯಾನಿಂಗ್‌ನ ಖಾಸಗಿ ಕಾರ್ಯದರ್ಶಿಯಾಗಿದ್ದವನು. ಅಪ್ಪ ಜಾನ್ ಬೌರಿಂಗ್ ಹಾಂಗ್‌ಕಾಂಗ್‌ನ ಗವರ್ನರ್ ಆಗಿದ್ದ. ಇವನು ಬಂದ ಮೇಲೆ ಕಚೇರಿಯ ಚಹರೆಯೇ ಬದಲಾಯಿತು. ರಾಜ್ಯ ಮೂರು ವಿಭಾಗ, ಎಂಟು ಜಿಲ್ಲೆ ಆಯಿತು: ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು, ಚಿತ್ರದುರ್ಗ. ಜಿಲ್ಲೆಗೊಬ್ಬ ಡೆಪ್ಯುಟಿ ಕಮಿಷನರ್. ಹೌದು, ನಮ್ಮ ಡಿಸಿ ಸಾಹೇಬರು ಹುಟ್ಟಿದ್ದು ಇಲ್ಲಿ. ಭೂಮಿ ಅಳೆದು ಕಂದಾಯ ನಿಗದಿ ಮಾಡುವ ಸರ್ವೆ 1863ರಲ್ಲಿ ಶುರುವಾಯಿತು. ಅರಣ್ಯ ಇಲಾಖೆ ಬಂತು, ಇನಾಮು ಜಮೀನಿನ ತನಿಖೆ ಬಂತು. 1868ರಲ್ಲಿ ಹೋಬಳಿಗೊಂದು ಶಾಲೆ ಅನ್ನುವ ಯೋಜನೆ ಬಂತು. ಅದರ ಹಿಂದೆ ಇದ್ದವರು ಬಿ. ಎಲ್. ರೈಸ್. ನಮಗೆ ಅವರು ಶಾಸನಗಳ ರೈಸ್. ಬೌರಿಂಗ್ ಕಾಲದಲ್ಲಿ ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಫೋಟೊಗಳನ್ನು ಓದುತ್ತಲೇ ಅವರು ಆ ದಾರಿಗೆ ಬಿದ್ದದ್ದು.

1868ರ ಹೊತ್ತಿಗೆ ಟಿಪ್ಪುವಿನ ಅರಮನೆ ಸಾಲದಾಯಿತು. ಎಂಜಿನಿಯರ್ ಸ್ಯಾಂಕಿಯ ನಕ್ಷೆಯಲ್ಲಿ ಎದ್ದ ಕೆಂಪು ಅಠಾರಾ ಕಚೇರಿಗೆ, ಅಂದರೆ ಹದಿನೆಂಟು ಇಲಾಖೆಗಳ ಕಟ್ಟಡಕ್ಕೆ, ಇಲಾಖೆಗಳೆಲ್ಲ ಹೋದವು. ಈಗ ಅಲ್ಲಿ ಹೈಕೋರ್ಟ್ ಇದೆ. ಕಬ್ಬನ್ ಕಾಲದಲ್ಲಿ ರೈತ ಒಬ್ಬ ಮನುಷ್ಯನ ಹತ್ತಿರ ಅಳಲು ತೋಡಿಕೊಳ್ಳಲು ಬರುತ್ತಿದ್ದ. ಈಗ ಯಾವ ಇಲಾಖೆಗೆ ಹೋಗಬೇಕು ಅಂತ ಮೊದಲು ತಿಳಿದುಕೊಳ್ಳಬೇಕಾಯಿತು. ಕೆಲಸ ಕ್ರಮಬದ್ಧವಾಯಿತು, ಸುಳ್ಳಲ್ಲ. ಸಾಹೇಬ ಯಾರು ಅನ್ನುವುದರ ಮೇಲೆ ನ್ಯಾಯ ನಿಲ್ಲುವುದು ಕಡಿಮೆಯಾಯಿತು. ಜೊತೆಗೆ ಕಾಗದವೂ ಬೆಳೆಯಿತು, ಖರ್ಚೂ ಬೆಳೆಯಿತು, ಇಂಗ್ಲಿಷ್ ಅಧಿಕಾರಿಗಳ ಸಂಖ್ಯೆಯೂ ಬೆಳೆಯಿತು.

ಈ ಯಂತ್ರಕ್ಕೆ ನಿಜವಾದ ಪರೀಕ್ಷೆ ಬಂದದ್ದು 1876ರಲ್ಲಿ. ನಮ್ಮ ಹಿರಿಯರು ಆ ಎರಡು ಸಂವತ್ಸರಗಳ ಹೆಸರು ಹಿಡಿದು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, ಅದು. ಮಳೆ ಒಂದರ ಹಿಂದೆ ಒಂದು ಕೈಕೊಟ್ಟಿತು. ಆಗ ಕಮಿಷನರ್ ಆಗಿದ್ದವನು ಸಾಂಡರ್ಸ್. ಅವನ ಕೈಯಲ್ಲಿ ಸರ್ವೆ ಇತ್ತು, ಜಿಲ್ಲೆಗಳಿದ್ದವು, ಡಿಸಿಗಳಿದ್ದರು, ಬೆಂಗಳೂರಿನವರೆಗೆ ರೈಲೂ ಬಂದಿತ್ತು. ಆದರೂ ಜನ ಹಳ್ಳಿ ಬಿಟ್ಟು ಪಟ್ಟಣದ ಗಂಜಿ ಕೇಂದ್ರಗಳ ಕಡೆ ನಡೆದರು. ದಾರಿಯಲ್ಲೇ ಬಿದ್ದರು. 1877ರ ಸೆಪ್ಟೆಂಬರ್‌ನಲ್ಲಿ ವೈಸರಾಯ್ ಲಿಟ್ಟನ್ ತಾನೇ ಬಂದ. ಬರದ ಕೆಲಸ ನೋಡಿಕೊಳ್ಳಲು ಚಾರ್ಲ್ಸ್ ಎಲಿಯಟ್‌ನನ್ನು ಹಾಕಿದ. 1871ರ ಜನಗಣತಿಯಲ್ಲಿ ರಾಜ್ಯದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಸುಮಾರು 42 ಲಕ್ಷ. ಮಧ್ಯೆ ಹುಟ್ಟಬೇಕಾದವರನ್ನು ಇದರಲ್ಲಿ ಲೆಕ್ಕ ಹಿಡಿದಿಲ್ಲ. ಕಮಿಷನರುಗಳ ಕಾಲವನ್ನು ಸುಮ್ಮನೆ ಹೊಗಳುವವರು ಪಾರ್ಕಿನ ಹತ್ತಿರ ನಿಲ್ಲುತ್ತಾರೆ, ಈ ಎರಡು ಅಂಕಿಗಳ ಹತ್ತಿರ ಬರುವುದಿಲ್ಲ. ತಪ್ಪು ಒಬ್ಬ ಸಾಂಡರ್ಸ್‌ನದು ಅಂತ ಮುಗಿಸುವುದೂ ಸರಿ ಅಲ್ಲ. ಆ ಕಚೇರಿಯನ್ನು ಕಟ್ಟಿದ್ದೇ ಕಂದಾಯ ಎಣಿಸುವುದಕ್ಕೆ. ಹಸಿವು ಎಣಿಸುವ ಕೋಷ್ಟಕ ಅದರಲ್ಲಿ ಇರಲಿಲ್ಲ.

ಬರ ಮುಗಿದಾಗ ರಾಜ್ಯದ ತಲೆ ಮೇಲೆ 80 ಲಕ್ಷ ರೂಪಾಯಿ ಸಾಲ ಇತ್ತು. 1881ರ ಮಾರ್ಚ್ 25ರಂದು ಇಂಗ್ಲಿಷರು ಆಡಳಿತವನ್ನು ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಬಿಟ್ಟುಕೊಟ್ಟರು. ರಂಗಾಚಾರ್ಲು ದಿವಾನರಾದರು. ಚೀಫ್ ಕಮಿಷನರ್ ಆಗಿದ್ದ ಗಾರ್ಡನ್ ಊರು ಬಿಡಲಿಲ್ಲ, ರೆಸಿಡೆಂಟ್ ಆಗಿ, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿ, ಉಳಿದ. ಕೈಬದಲಾವಣೆಯ ಕರಾರಿನಲ್ಲಿ ಎರಡು ಷರತ್ತುಗಳನ್ನು ಗಮನಿಸಿ. ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು, ಸಾಲದ ಸ್ಥಿತಿ ನೋಡಿ ಏರಿಕೆಯನ್ನು ಕೆಲ ವರ್ಷ ಮುಂದೂಡಿದರು. ಇನ್ನೊಂದು, ಕಮಿಷನರುಗಳ ಕಾಲದ ಕಾನೂನುಗಳನ್ನು ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಮಹಾರಾಜರು ತೆಗೆಯುವಂತಿಲ್ಲ, ತಿದ್ದುವಂತಿಲ್ಲ. ರಂಗಾಚಾರ್ಲು ಆಡಳಿತ ಶುರು ಮಾಡಿದ್ದು ಆ ಚೌಕಟ್ಟಿನೊಳಗೆ, ಅಷ್ಟು ಸಾಲ ಹೊತ್ತುಕೊಂಡು. ಅದೇ ವರ್ಷ ಅವರು ಪ್ರಜಾಪ್ರತಿನಿಧಿ ಸಭೆ ಕರೆದರು. ಅದು ಬೇರೆಯದೇ ಉಪನ್ಯಾಸ. ಈಗ ಪ್ರಶ್ನೆಗಳಿದ್ದರೆ ಕೇಳಿ.