ಗಂಡನನ್ನ ಜೈಲಿಂದ ಬಿಡಿಸ್ಕೊಂಡು ಬಂದ ರಾಣಿ

ನಮಸ್ಕಾರ ಕೇಳುಗರೇ. ಇವತ್ತು ಇಂಗ್ಲೆಂಡಿನ ಒಂದು ದಾಯಾದಿ ಜಗಳದ ಕಥೆ, ಸುಮಾರು 900 ವರ್ಷ ಹಿಂದಿಂದು. ಪುಸ್ತಕದಲ್ಲಿ ಅಂತರ್ಯುದ್ಧ ಅಂತ ಬರೀತಾರೆ, ಬುಡಕ್ಕೆ ಹೋದ್ರೆ ಸತ್ತವನ ಆಸ್ತಿ ಮಗಳಿಗೋ ಸೋದರಳಿಯನಿಗೋ ಅನ್ನೋ ತಕರಾರು ಅಷ್ಟೇ.

ರಾಜ ಒಂದನೇ ಹೆನ್ರಿಯ ಮಗ 1120ರಲ್ಲಿ ಹಡಗು ಮುಳುಗಿ ಸತ್ತ. ಉಳಿದವಳು ಮಗಳು ಮಟಿಲ್ಡಾ, ಜರ್ಮನ್ ಚಕ್ರವರ್ತಿಯ ವಿಧವೆ. ನನ್ನ ನಂತ್ರ ಇವಳೇ ಅಂತ ಹೆನ್ರಿ ಸರದಾರರ ಕೈಲೆಲ್ಲ ಆಣೆ ಹಾಕಿಸಿದ್ದ. 1135ರ ಡಿಸೆಂಬರಲ್ಲಿ ಅವನು ಕಣ್ಮುಚ್ಚಿದ್ದೇ ತಡ, ಸೋದರಳಿಯ ಸ್ಟೀಫನ್, ಅವನೂ ಆಣೆ ಹಾಕಿದವನೇ ಮತ್ತೆ, ಲಂಡನ್ನಿಗೆ ಬಂದು ಮೂರು ವಾರದಲ್ಲಿ ಕಿರೀಟ ಇಟ್ಕೊಂಡ್ಬಿಟ್ಟ.

ಈ ಸ್ಟೀಫನ್ ಹೆಂಡ್ತಿ ಹೆಸರೂ ಮಟಿಲ್ಡಾನೇ! ಆಗ ಹೆಣ್ಮಕ್ಕಳ ಹೆಸರಿಗೆ ಬರ ಇತ್ತೋ ಏನೋ. ಸಾಲದ್ದಕ್ಕೆ ಇಬ್ಬರೂ ಅಕ್ಕತಂಗಿ ಮಕ್ಕಳು. ಗೊಂದಲ ಬೇಡ, ರಾಜನ ಮಗಳನ್ನ ಸಾಮ್ರಾಜ್ಞಿ ಅನ್ನೋಣ, ಸ್ಟೀಫನ್ ಹೆಂಡ್ತೀನ ರಾಣಿ ಅನ್ನೋಣ. ಎಲ್ಲರೂ ಸಾಮ್ರಾಜ್ಞಿ ಕಥೇನೇ ಹೇಳ್ತಾರೆ, ನನಗೆ ಮಾತ್ರ ಈ ರಾಣಿ ಮೇಲೇ ಕಣ್ಣು.

ಇವಳು ಕೈ ಬೀಸ್ಕೊಂಡು ಬಂದ ಸೊಸೆ ಅಲ್ಲ. ಕಡಲಾಚೆಯ ಬೂಲೋನ್ ಸೀಮೆ ತವರಿಂದ ಇವಳ ಪಾಲಿಗೆ ಬಂದಿತ್ತು, ಅಲ್ಲಿನ ಬಂದರು, ಹಡಗು ಎಲ್ಲ ಇವಳ ಕೈಲಿ. 1138ರಲ್ಲಿ ಡೋವರ್ ಕೋಟೆಯವರು ತಿರುಗಿಬಿದ್ದಾಗ ನೆಲದ ಮೇಲೆ ಮುತ್ತಿಗೆ ಹಾಕಿ, ಸಮುದ್ರದ ಕಡೆಯಿಂದ ಬೂಲೋನ್ ಹಡಗು ತರಿಸಿ ಅಡ್ಡ ನಿಲ್ಲಿಸಿದ್ಳು, ಕೋಟೆ ಶರಣಾಯ್ತು. ಮಾರನೇ ವರ್ಷ ಸ್ಕಾಟ್ಲೆಂಡಿನ ರಾಜ ಡೇವಿಡ್ ಜೊತೆ ಡರಮ್ ಅನ್ನೋ ಊರಲ್ಲಿ ಸಂಧಿ ಕುದುರಿಸಿದ್ದೂ ಇವಳೇ, ಡೇವಿಡ್ ಇವಳ ಸೋದರಮಾವ ಆಗ್ಬೇಕು.

ನಿಜವಾದ ಪೆಟ್ಟು ಬಿದ್ದಿದ್ದು 1141ರ ಫೆಬ್ರವರಿ 2ಕ್ಕೆ. ಲಿಂಕನ್ ಯುದ್ಧದಲ್ಲಿ ಸ್ಟೀಫನ್ ಸಾಮ್ರಾಜ್ಞಿ ಕಡೆಯವರ ಕೈಗೆ ಸಿಕ್ಕಿಬಿದ್ದ, ಬ್ರಿಸ್ಟಲ್ ಕೋಟೆಗೆ ತಳ್ಳಿದ್ರು. ಅವನ ಸ್ವಂತ ತಮ್ಮ ಬಿಷಪ್ ಹೆನ್ರಿನೇ ಸಾಮ್ರಾಜ್ಞಿ ಪಾರ್ಟಿಗೆ ಜಂಪ್ ಆದ. ಗಂಡನನ್ನ ಬಿಡುಗಡೆ ಮಾಡಿ, ಮಗನಿಗೆ ಅವನಪ್ಪನ ಸ್ವಂತ ಜಮೀನಾದ್ರೂ ಕೊಡಿ ಅಂತ ರಾಣಿ ಹೇಳಿಕಳಿಸಿದ್ಳು, ಸಾಮ್ರಾಜ್ಞಿ ಬೈದು ಅಟ್ಟಿದ್ಳು. ಸರಿ, ರಾಣಿ ಸೈನ್ಯ ಥೇಮ್ಸ್ ದಕ್ಷಿಣ ದಂಡೆಗೆ ಬಂದು, ಲಂಡನ್ನಿನವರ ಕಣ್ಣೆದುರಿಗೇ ಊರೂರು ಸುಡೋಕೆ ಶುರು ಮಾಡ್ತು. ಇದೇನು ಪುಣ್ಯದ ಕೆಲಸ ಅಂತ ನಾನು ಹೇಳಲ್ಲ, ಸತ್ತೋರು ಬಡಪಾಯಿಗಳೇ. ಆದ್ರೆ ಲೆಕ್ಕ ಸರಿಹೋಯ್ತು. ಪಟ್ಟಾಭಿಷೇಕಕ್ಕೆ ಅಂತ ಲಂಡನ್ನಿಗೆ ಬಂದಿದ್ದ ಸಾಮ್ರಾಜ್ಞಿ ಆಗಲೇ ಅಲ್ಲಿನ ಜನರ ಹತ್ರ ಜಬರ್ದಸ್ತಿಯಿಂದ ದುಡ್ಡು ಕೇಳಿ ಎದುರು ಹಾಕ್ಕೊಂಡಿದ್ಳು, ಜೂನ್ 24ಕ್ಕೆ ಊರಿನ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದ್ವು, ಜನ ಬಾಗಿಲು ತೆಗೆದು ಜೇನು ಎದ್ದಂಗೆ ಎದ್ರು, ವೆಸ್ಟ್‌ಮಿನ್‌ಸ್ಟರಲ್ಲಿ ಊಟದ ಹೊತ್ತಿಗಿದ್ದ ಸಾಮ್ರಾಜ್ಞಿ ಕುದುರೆ ಹತ್ತಿ ಆಕ್ಸ್‌ಫರ್ಡ್ ಕಡೆ ಓಡಿದ್ಳು, ಪಟ್ಟಾಭಿಷೇಕ ಅಲ್ಲಿಗೇ ಕ್ಯಾನ್ಸಲ್.

ಸೆಪ್ಟೆಂಬರಲ್ಲಿ ವಿಂಚೆಸ್ಟರ್. ಅಷ್ಟೊತ್ತಿಗೆ ಮತ್ತೆ ಪಾರ್ಟಿ ಬದಲಾಯಿಸಿದ್ದ ಬಿಷಪ್ಪನ ಕೋಟೆಗೆ ಸಾಮ್ರಾಜ್ಞಿ ಮುತ್ತಿಗೆ ಹಾಕಿದ್ರೆ, ಆ ಮುತ್ತಿಗೆಗೇ ರಾಣಿ ಹೊರಗಿಂದ ಮುತ್ತಿಗೆ ಹಾಕಿದ್ಳು. ಅನ್ನ ನೀರು ಬಂದ್. ಓಡೋವಾಗ ಸಾಮ್ರಾಜ್ಞಿಯ ಬಲಗೈ, ಅವಳ ಮಲಸೋದರ ರಾಬರ್ಟ್, ಸೆರೆ ಸಿಕ್ಕ.

ಈಗ ಆಳಿಗೆ ಆಳು ಅದಲುಬದಲು ಆಗ್ಬೇಕು, ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲ. ನವೆಂಬರಲ್ಲಿ ಸ್ಟೀಫನ್ ಹೊರಗೆ ಬರೋವಾಗ ಅವನ ಬದಲಿಗೆ ಬ್ರಿಸ್ಟಲಲ್ಲಿ ಒತ್ತೆ ಕೂತೋಳು ರಾಣಿನೇ, ಒಬ್ಬ ಮಗನನ್ನೂ ಜೊತೆಗಿಟ್ಕೊಂಡು. ಅವನು ವಿಂಚೆಸ್ಟರ್ ಸೇರಿದ ಮೇಲೆ ರಾಬರ್ಟ್ ಬಿಡುಗಡೆ, ರಾಬರ್ಟ್ ಬ್ರಿಸ್ಟಲ್ ಮುಟ್ಟಿದ ಮೇಲೆ ಇವಳ ಬಿಡುಗಡೆ.

ಇನ್ನೊಂದು ತಮಾಷೆ ನೋಡಿ, ಸ್ಟೀಫನ್ ಪರ ಬರೆದ ಚರಿತ್ರೆಕಾರ ಸಾಮ್ರಾಜ್ಞಿ ದರ್ಪ ಮಾಡಿದ್ರೆ ಹೆಣ್ಣಿನ ಗುಣ ಬಿಟ್ಟಳು ಅಂತ ಬೈತಾನೆ, ರಾಣಿ ಸೈನ್ಯ ನಡೆಸಿದ್ರೆ ಗಂಡೆದೆಯವಳು ಅಂತ ಹೊಗಳ್ತಾನೆ. ಯಾಕೆ? ಇವಳು ಕೇಳಿದ್ದು ಗಂಡನಿಗೆ, ಮಗನಿಗೆ. ಅವಳು ಕೇಳಿದ್ದು ತನಗೆ.

ರಾಣಿ 1152ರ ಮೇ 3ಕ್ಕೆ ತೀರ್ಕೊಂಡ್ಳು. ಮಾರನೇ ವರ್ಷ, ಯಾರಿಗಾಗಿ ಇಷ್ಟೆಲ್ಲ ಒದ್ದಾಡಿದ್ಳೋ ಆ ಮಗ ಯೂಸ್ಟಸ್ಸೂ ಹೋದ. ಸ್ಟೀಫನ್ ಕೈಚೆಲ್ಲಿ, ಸಾಮ್ರಾಜ್ಞಿಯ ಮಗನೇ ನನ್ನ ವಾರಸುದಾರ ಅಂತ ಒಪ್ಕೊಂಡ. 1154ರಲ್ಲಿ ಆ ಹುಡುಗನೇ ಎರಡನೇ ಹೆನ್ರಿ ಆಗಿ ಪಟ್ಟಕ್ಕೆ ಬಂದ.